ಸ್ಲಿಪ್ ಡಿಸ್ಕಿಗೆ ಮೂಗು ಸೋರುವುದಿಲ್ಲ

"ಎರಡ್ ದಿನ ಬಿಟ್ಟು ನೋಡೀನ್ರೀ ಸಾಹೇಬ್ರ. ಬ್ಯಾನಿ ಡಬಲ್ ಆಯ್ತು. ಈ ಗುಳಿಗಿ ಇಲ್ದ ನಂದು ನಡ್ಯಾಂಗಿಲ್ಲ."

ಮೂಳೆ ಡಾಕ್ಟರ್ ಕಳಿಸಿ ನನ್ನ ಹತ್ತಿರ ಬರುವವರು ಈ ಮಾತನ್ನು ಹೇಳೇ ಹೇಳುತ್ತಾರೆ. ನಡ ನೋವಿಗೆ ಮನೋವೈದ್ಯರ ಹತ್ತಿರ ಯಾಕೆ, ನನಗೇನು ತಲೆ ಕೆಟ್ಟಿದೆಯಾ ಅನ್ನುವ ಸಿಟ್ಟೂ ಜೊತೆಗಿರುತ್ತದೆ. ತಲೆ ಕೆಟ್ಟಿಲ್ಲ. ನೋವೂ ಸುಳ್ಳಲ್ಲ. ಆದರೆ ಗುಳಿಗೆ ಬಿಟ್ಟಾಗ ಬಂದ ನೋವು ಹಳೆಯದೇ ನೋವಾ ಅನ್ನುವುದನ್ನು ನೋಡಬೇಕು.

ಕಲಬುರಗಿ ಕಡೆ ನಾನು ನೋಡುವುದು ಹೆಚ್ಚಾಗಿ ಟ್ರಮಡಾಲ್, ಇಲ್ಲವೇ ಟ್ರಮಡಾಲ್ ಜೊತೆ ಪ್ಯಾರಾಸಿಟಮಾಲ್ ಸೇರಿಸಿದ ಗುಳಿಗೆ. ಟಪೆಂಟಡಾಲ್ ತಿನ್ನುವವರೂ ಇದ್ದಾರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇರೆ ಜಾತಿ. ಟ್ರಮಡಾಲ್, ಟಪೆಂಟಡಾಲ್ ಓಪಿಯಾಯ್ಡ್‌ಗಳು, ಅಫೀಮಿನ ಬಳಗ. ಆಪರೇಷನ್ ಆದಾಗ, ಮೂಳೆ ಮುರಿದಾಗ ಕೆಲವು ದಿನಕ್ಕೆ ಬಹಳ ಉಪಯೋಗದ ಔಷಧಿ. ವರ್ಷಗಟ್ಟಲೆ ಇರುವ ಸೊಂಟ ನೋವು, ಮಂಡಿ ನೋವಿಗೆ ಅಷ್ಟು ಉಪಯೋಗವಿಲ್ಲ. ಚೀಟಿಯಲ್ಲಿ ಯಾವಾಗ ಶುರು ಅಂತ ಇರುತ್ತದೆ, ಯಾವಾಗ ನಿಲ್ಲಿಸಬೇಕು ಅಂತ ಇರುವುದಿಲ್ಲ. ಈ ವಿಷಯದಲ್ಲಿ ರೋಗಿಗಿಂತ ನಮ್ಮ ಕಸುಬಿನವರ ಮೇಲೇ ನನಗೆ ಜಾಸ್ತಿ ತಕರಾರು.

ಶಹಾಬಾದ್ ಕಡೆಯ ಫರಸಿ ಗಣಿಯಲ್ಲಿ ಕಲ್ಲು ಎತ್ತಿ ನಡ ಹಿಡಿಸಿಕೊಂಡವರೊಬ್ಬರು ಹೆಂಡತಿ ಜೊತೆ ಬಂದಿದ್ದರು. ಅವರ ನೋವು ಸೊಂಟದಿಂದ ಎಡಗಾಲಿಗೆ ಇಳಿಯುತ್ತಿತ್ತು. "ಗುಳಿಗಿ ಬಿಟ್ಟಾಗ ಎಲ್ಲಿ ನೋವಾಯ್ತು ಕಾಕಾ?" ಅಂದೆ. "ಎಲ್ಲಾ ಕಡೀನೂ ರೀ. ಎಲುಬಿನ ಒಳಗ." ಉಳಿದದ್ದನ್ನು ಹೆಂಡತಿ ಹೇಳಿದರು: "ಆಕಳಿಕಿ ಮ್ಯಾಲ ಆಕಳಿಕಿ. ಕಣ್ಣು, ಮೂಗು ಒಂದೇ ಸಮ ಸೋರತಿತ್ತು. ಮೇ ತಿಂಗಳ ಬಿಸಲಾಗ ಚಾದರ ಹೊಚ್ಕೊಂಡು ಕುಂತಿದ್ರು, ಮೈಮ್ಯಾಲ ಮುಳ್ಳು ಎದ್ದಿತ್ತು. ಹೊಟ್ಟಿ ನಿಂದ್ರಲಿಲ್ಲ. ರಾತ್ರಿ ಕಾಲು ಒಂದ್ ಕಡಿ ಇಡಲಿಲ್ಲ." ಆಮೇಲೆ ಗುಳಿಗೆ ನುಂಗಿದರು, ಸ್ವಲ್ಪ ಹೊತ್ತಿಗೆ ಎಲ್ಲ ಇಳಿಯಿತು. ಗುಳಿಗೆ ಬೇಕೇ ಬೇಕು ಅನ್ನುವುದಕ್ಕೆ ಅವರಿಗೆ ಇದೇ ಸಾಕ್ಷಿ.

ಸ್ಲಿಪ್ ಡಿಸ್ಕಿಗೆ ಮೂಗು ಸೋರುವುದಿಲ್ಲ, ಅಲ್ವಾ? ಬಿಸಿಲಿಗೆ ಮೈಮೇಲೆ ಮುಳ್ಳೂ ಏಳುವುದಿಲ್ಲ. ಇದು ಗುಳಿಗೆ ತಪ್ಪಿದ್ದಕ್ಕೆ ದೇಹ ಕೊಡುವ ತ್ರಾಸ, ನಾವು ವಿತ್‌ಡ್ರಾವಲ್ ಅನ್ನುವುದು. ಓಪಿಯಾಯ್ಡ್ ಕರುಳನ್ನು ನಿಧಾನ ಮಾಡುತ್ತದೆ, ನರಗಳ ಎಚ್ಚರವನ್ನು ತಗ್ಗಿಸುತ್ತದೆ. ತಿಂಗಳುಗಟ್ಟಲೆ ತಿಂದರೆ ದೇಹ ಅದಕ್ಕೆ ಎದುರಾಗಿ ಜೋರು ಮಾಡಿಕೊಳ್ಳುತ್ತದೆ. ಗುಳಿಗೆ ಹೋದ ಮೇಲೆ ಆ ಜೋರು ಮಾತ್ರ ಉಳಿಯುತ್ತದೆ: ಭೇದಿ, ಬೆವರು, ನಿದ್ದೆ ಇಲ್ಲ, ಎದೆ ಡವಡವ. ಸಾಮಾನ್ಯವಾಗಿ ಒಂದು ದಿನದೊಳಗೆ ಶುರು, ಎರಡು ಮೂರನೇ ದಿನ ಜೋರು, ಒಂದು ವಾರದ ಹೊತ್ತಿಗೆ ಬಹಳಷ್ಟು ಇಳಿಕೆ. ನಿದ್ದೆ ಮಾತ್ರ ಇನ್ನೂ ಕೆಲವು ವಾರ ಸತಾಯಿಸುತ್ತದೆ. ಹಳೆ ನೋವೂ ಆ ದಿನಗಳಲ್ಲಿ ಜಾಸ್ತಿ ಅನಿಸುತ್ತದೆ, ಯಾಕೆಂದರೆ ನರಗಳೇ ಸೂಕ್ಷ್ಮವಾಗಿರುತ್ತವೆ. ಕೆಲವರಲ್ಲಿ ಗುಳಿಗೆಯೇ ನೋವನ್ನು ಹೆಚ್ಚಿಸುತ್ತಿರುತ್ತದೆ.

ಟ್ರಮಡಾಲ್‌ಗೆ ಇನ್ನೊಂದು ಗುಣವಿದೆ. ಖಿನ್ನತೆಯ ಕೆಲವು ಔಷಧಿಗಳ ತರ ಸೆರೊಟೋನಿನ್ ಅನ್ನುವ ಮೆದುಳಿನ ರಾಸಾಯನಿಕದ ಮೇಲೂ ಕೆಲಸ ಮಾಡುತ್ತದೆ. ಹಾಗಾಗಿ ಒಮ್ಮೆಲೇ ಬಿಟ್ಟರೆ ಕೆಲವರಿಗೆ ವಿಪರೀತ ಗಾಬರಿ, ಕೈಕಾಲು ಜುಮುಜುಮು, ತಲೆಯಲ್ಲಿ ಕರೆಂಟ್ ಹೊಡೆದಂತೆ, ಅಪರೂಪಕ್ಕೆ ಇಲ್ಲದ್ದು ಕಾಣುವುದು, ಕೇಳುವುದು. ಮನೆಯವರು ಗಾಳಿ ಸೋಕಿದೆ ಅಂದುಕೊಳ್ಳುತ್ತಾರೆ.

ಈ ಕಾಕಾ ದಿನಕ್ಕೆ ಎಂಟು ನುಂಗುತ್ತಿದ್ದರು. ಒಂದರಲ್ಲಿ ಟ್ರಮಡಾಲ್ 37.5 ಮಿಲಿಗ್ರಾಂ, ಪ್ಯಾರಾಸಿಟಮಾಲ್ 325. ಅಂದರೆ ದಿನಕ್ಕೆ 300 ಮತ್ತು 2,600. ಟ್ರಮಡಾಲ್‌ನ ಮೇಲಿನ ಮಿತಿ 400. ಜಾಸ್ತಿ ಆದಂತೆ ಫಿಟ್ಸ್ ಬರುವ ಭಯ. ಮೇಲೆ ದಾರು ಕುಡಿದರೆ ಲಿವರ್‌ಗೂ ಕಷ್ಟ. ಇದಕ್ಕಿಂತ ನನಗೆ ಹೆದರಿಕೆ ನಿದ್ದೆ ಗುಳಿಗೆ ಮತ್ತು ಸಿಎಚ್ ಪೌಡರ್ (ಕ್ಲೋರಲ್ ಹೈಡ್ರೇಟ್, ಮಂಪರು ಬರಿಸುವ ಪುಡಿ) ಬೆರೆಸಿದ ಸೇಂದಿಯದು. ಓಪಿಯಾಯ್ಡ್ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು. ಎಬ್ಬಿಸಿದರೂ ಏಳದೆ, ಉಸಿರು ನಿಧಾನವಾಗಿದ್ದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಬಿಡುವುದು ಹೇಗೆ? ಹಠ ಮಾಡಿ ಒಂದೇ ದಿನ ಅಲ್ಲ. ವರ್ಷಕ್ಕಿಂತ ಜಾಸ್ತಿ ತಿಂದವರಿಗೆ ತಿಂಗಳಿಗೆ ಸುಮಾರು 10 ಪರ್ಸೆಂಟ್ ಇಳಿಸಿದರೂ ಸಾಕು. ಕೆಲವು ವಾರ, ತಿಂಗಳು ತಿಂದವರಿಗೆ ವಾರಕ್ಕೆ ಅಷ್ಟು. ಕಾಕಾಗೆ ಎಂಟರಲ್ಲಿ ಮೊದಲು ಒಂದನ್ನು ತೆಗೆದೆವು, ಅದೂ ನೋವು ಕಡಿಮೆ ಇರುವ ಹೊತ್ತಿನದು. ಸ್ಟ್ರಿಪ್ ಹೆಂಡತಿಯ ಕೈಗೆ. ತೊಗರಿ ರಾಶಿಯ ವಾರಗಳಲ್ಲಿ ಏನೂ ಇಳಿಸಲಿಲ್ಲ, ಇದ್ದಲ್ಲೇ ನಿಂತೆವು. ಕೊನೆಯ ಎರಡು ಗುಳಿಗೆಗೆ ಎಲ್ಲಕ್ಕಿಂತ ಜಾಸ್ತಿ ಸಮಯ ಹಿಡಿಯಿತು, ಸಾಮಾನ್ಯವಾಗಿ ಹಾಗೇ ಆಗುತ್ತದೆ. ಎಸ್‌ಆರ್ ಅಂತ ಬರೆದ, ಅಂದರೆ ಔಷಧಿಯನ್ನು ನಿಧಾನವಾಗಿ ಬಿಡುವ ಗುಳಿಗೆಯನ್ನು ಮಾತ್ರ ಮುರಿದು, ಪುಡಿ ಮಾಡಿ ತಿನ್ನಬೇಡಿ. ಬೆವರು, ಚಡಪಡಿಕೆಗೆ ಕ್ಲೋನಿಡಿನ್, ಭೇದಿಗೆ ಬೇರೆ ಔಷಧಿ ಇವೆ, ಬಿಪಿ ನೋಡಿಕೊಂಡು ಕೊಡುತ್ತೇವೆ. ನೋವಿಗೆ ಫಿಸಿಯೋಥೆರಪಿ, ನಡಿಗೆ ಇಳಿಸುವ ಮೊದಲೇ ಶುರುವಾಗಬೇಕು. ನರದ ನೋವಿನ ಗುಳಿಗೆ ಪ್ರಿಗ್ಯಾಬಲಿನ್ ಕೊಟ್ಟು ಕೈ ತೊಳೆದುಕೊಳ್ಳುವುದು ನನಗೆ ಸರಿ ಕಾಣದು, ಅದಕ್ಕೂ ಅಂಟಿಕೊಂಡವರಿದ್ದಾರೆ.

ದೇಹ ಒಗ್ಗಿಕೊಂಡಿದ್ದಕ್ಕೆ ಯಾರೂ ಚಟದವರಾಗುವುದಿಲ್ಲ. ಮನೆ, ಕೆಲಸ ಹಾಳಾದರೂ ಗುಳಿಗೆ ಹುಡುಕಿಕೊಂಡು ಅಲೆಯುವುದು ಬೇರೆ ಹಂತ. ಅವರಿಗೆ ಬ್ಯುಪ್ರೆನಾರ್ಫಿನ್ ಅನ್ನುವ ಔಷಧಿಯ ಚಿಕಿತ್ಸೆ ಇದೆ. ಒಂದಷ್ಟು ದಿನ ಪೂರ್ತಿ ಬಿಟ್ಟವರು ಮತ್ತೆ ಹಳೆ ಲೆಕ್ಕದಲ್ಲಿ ನುಂಗಿದರೆ ಜೀವಕ್ಕೇ ಅಪಾಯ, ಒಗ್ಗಿದ್ದ ಶಕ್ತಿ ಆಗ ಇರುವುದಿಲ್ಲ. ಬಸುರಿಯರು ತಾವಾಗಿ ನಿಲ್ಲಿಸಬಾರದು. ಕ್ಯಾನ್ಸರ್ ನೋವಿಗೆ ಮಾರ್ಫಿನ್ ತಗೊಳ್ಳುವವರು ಇದನ್ನೋದಿ ಹೆದರಿ ನಿಲ್ಲಿಸಬೇಡಿ. ನಮ್ಮಲ್ಲಿ ಅವರ ಕಷ್ಟ ಮಾರ್ಫಿನ್ ಸಿಗದಿರುವುದೇ.

ಟ್ರಮಡಾಲ್ ಎಚ್1 ಪಟ್ಟಿಯಲ್ಲಿದೆ. ಅಂಗಡಿಯವರು ಚೀಟಿ ನೋಡಿ, ಬೇರೆ ರಿಜಿಸ್ಟರಿನಲ್ಲಿ ಬರೆದುಕೊಂಡೇ ಕೊಡಬೇಕು. 2018ರಿಂದ ಎನ್‌ಡಿಪಿಎಸ್, ಅಂದರೆ ಮಾದಕ ವಸ್ತುಗಳ ಕಾಯ್ದೆಯಡಿಯೂ ಬಂದಿದೆ. ಆದರೆ ಅಂಗಡಿಯಲ್ಲಿ ಸಿಗದೆ ಒಮ್ಮೆಲೇ ನಿಂತುಹೋದವರಿಗೆ ಕಾನೂನು ಚಿಕಿತ್ಸೆ ಕೊಡುವುದಿಲ್ಲ. ಅಂಥವರು ಕಲಬುರಗಿ, ಬೀದರ್, ಯಾದಗಿರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಮನೋವೈದ್ಯ ವಿಭಾಗಕ್ಕೆ ಹೋಗಬಹುದು. ಫೋನಿನಲ್ಲಾದರೆ 14416 ಟೆಲಿಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ, 14446 ವ್ಯಸನಮುಕ್ತಿ ಸಹಾಯವಾಣಿ.

ಬರುವಾಗ ಖಾಲಿ ಸ್ಟ್ರಿಪ್ ಸಮೇತ ಎಲ್ಲ ಗುಳಿಗೆ ತನ್ನಿ, ನಿದ್ದೆಯದು, ಆರ್‌ಎಂಪಿ ಡಾಕ್ಟರ್ ಕೊಟ್ಟದ್ದೂ ಸೇರಿ. ದಿನಕ್ಕೆ ನಿಜವಾಗಿ ಎಷ್ಟು ನುಂಗುತ್ತೀರಿ ಅಂತ ಹೇಳಿ. ಎಂಟು ನುಂಗುವವರು ನಾಚಿಕೆಗೆ ನಾಲ್ಕು ಅಂದರೆ ನಾನು ನಾಲ್ಕರಿಂದ ಇಳಿಸುತ್ತೇನೆ, ಮೊದಲ ವಾರವೇ ಚಾದರ ಹೊಚ್ಚಿಕೊಂಡು ಕೂರಬೇಕಾಗುತ್ತದೆ.