ಎಸೆಯುತ್ತಿದ್ದ ಕೆಸರೇ ನೀರು ತೊಳೆದ ಕಥೆ

ಪಟ್ಟಣದ ಒಳಚರಂಡಿಯಲ್ಲಿ ಹರಿದು ಬರುವ ಕೊಳಚೆಯಲ್ಲಿ ನೂರಕ್ಕೆ 99.9 ಪಾಲು ನೀರೇ. ತಾಪತ್ರಯವೆಲ್ಲ ಉಳಿದ ಆ ಚೂರಿನದು. ಅದು ನದಿಗೆ ಬಿದ್ದರೆ ಬ್ಯಾಕ್ಟೀರಿಯಾಗಳು ಮುಗಿಬಿದ್ದು ತಿನ್ನುತ್ತವೆ, ತಿನ್ನುವಾಗ ನೀರಿನ ಆಮ್ಲಜನಕವನ್ನೆಲ್ಲ ಹೀರುತ್ತವೆ, ಮೀನು ಸಾಯುತ್ತವೆ. ಅದೇ ಊಟವನ್ನು ನದಿಗೆ ಸೇರುವ ಮುಂಚೆ ತೊಟ್ಟಿಯಲ್ಲೇ ಮುಗಿಸುವುದು ಶುದ್ಧೀಕರಣ ಘಟಕದ ಕೆಲಸ. ಇಷ್ಟು ತಿಳಿಯಲು ಬಹಳ ಕಾಲ ಹಿಡಿಯಿತು.

1858ರ ಬೇಸಿಗೆಯಲ್ಲಿ ಥೇಮ್ಸ್ ನದಿ ಎಷ್ಟು ನಾರಿತೆಂದರೆ ದಡದ ಸಂಸತ್ ಭವನದಲ್ಲಿ ಕೂರುವುದೇ ಕಷ್ಟವಾಯಿತು. ಎಂಜಿನಿಯರ್ ಜೋಸೆಫ್ ಬಜಲ್‌ಜೆಟ್ ಕಟ್ಟಿಸಿದ ಹಿರಿಮೋರಿಗಳು ಲಂಡನ್ನಿನ ಹೊಲಸನ್ನು ನದಿಯ ಕೆಳಹರಿವಿಗೆ ಸಾಗಿಸಿದವು. ಹೊಲಸು ಜಾಗ ಬದಲಿಸಿತೇ ಹೊರತು ಶುದ್ಧವಾಗಲಿಲ್ಲ.

ಕೊಳಚೆಯನ್ನು ಹೊಲಗಳಿಗೆ ಹಾಯಿಸಿ ನೋಡಿದರು. ಅಪಾರ ಭೂಮಿ ಬೇಕಾಯಿತು. 1887ರಲ್ಲಿ ಶುರುವಾದ ಅಮೆರಿಕದ ಲಾರೆನ್ಸ್ ಪ್ರಯೋಗ ಕೇಂದ್ರದಲ್ಲಿ, ಮರಳು ಮತ್ತು ಜಲ್ಲಿಯ ಹಾಸುಗಳು ಕೊಳಚೆಯನ್ನು ಸೋಸುವುದಷ್ಟೇ ಅಲ್ಲ, ಅವುಗಳಿಗೆ ಅಂಟಿದ ಜೀವಿಗಳು ಅದನ್ನು ತಿಂದು ಮುಗಿಸುತ್ತವೆ ಎಂಬುದು ಸ್ಪಷ್ಟವಾಯಿತು. ಕಲ್ಲಿನ ರಾಶಿಯ ಮೇಲೆ ಕೊಳಚೆ ಚಿಮುಕಿಸುವ ಘಟಕಗಳು ಹುಟ್ಟಿದ್ದು ಈ ತಿಳಿವಿನಿಂದ. ಶುದ್ಧವೆಂದರೆ ಎಷ್ಟು ಶುದ್ಧ ಎಂಬ ಪ್ರಶ್ನೆಗೆ ಬ್ರಿಟನ್ನಿನ ರಾಯಲ್ ಆಯೋಗ 1912ರಲ್ಲಿ ಉತ್ತರ ಕೊಟ್ಟಿತು: ಲೀಟರಿಗೆ ತೇಲುಕಣ 30 ಮಿಲಿಗ್ರಾಂ, ಐದು ದಿನದ ಬಿಒಡಿ, ಅಂದರೆ ಜೀವಿಗಳು ಕೇಳುವ ಆಮ್ಲಜನಕ, 20 ಮಿಲಿಗ್ರಾಂ ಮೀರಬಾರದು.

ನನ್ನ ಮಟ್ಟಿಗೆ ಈ ಕಥೆಯ ತಿರುಳು ಮ್ಯಾಂಚೆಸ್ಟರಿನಲ್ಲಿದೆ. ಅಲ್ಲಿನ ರಸಾಯನಶಾಸ್ತ್ರಜ್ಞರಾದ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಸೀಸೆಯಲ್ಲಿ ಕೊಳಚೆ ತುಂಬಿ ಗಾಳಿಯೂದುತ್ತಿದ್ದರು. ಅದರ ಅಮೋನಿಯಾ ಪೂರ್ತಿ ನೈಟ್ರೇಟ್ ಆಗಲು, ಅಂದರೆ ಜೀವಿಗಳ ಕೆಲಸ ಮುಗಿಯಲು, ಮೊದಲ ಸಲ ಸುಮಾರು ಐದು ವಾರ ಹಿಡಿಯಿತು. ತಿಳಿನೀರನ್ನು ಬಸಿದರು. ತಳದ ಕೆಸರನ್ನು ಮಾತ್ರ ಚೆಲ್ಲದೆ ಅದರ ಮೇಲೆಯೇ ಹೊಸ ಕೊಳಚೆ ಸುರಿದರು. ಮತ್ತೆ ಬಸಿದರು, ಮತ್ತೆ ಸುರಿದರು. ಪ್ರತಿ ಸಲವೂ ಸಮಯ ಇಳಿಯುತ್ತ ಹೋಗಿ ಕಡೆಗೆ ಒಂದು ದಿನದೊಳಗೇ ಕೆಲಸ ಮುಗಿಯತೊಡಗಿತು. ಹೆಪ್ಪು ಉಳಿಸಿಕೊಂಡು ಮರುದಿನದ ಹಾಲಿಗೆ ಹಾಕುವ ಹಾಗೆ! ಅಲ್ಲಿಯವರೆಗೆ ಪೀಡೆಯೆಂದು ಎಲ್ಲರೂ ತೊಲಗಿಸುತ್ತಿದ್ದ ಕೆಸರು ಜೀವಿಗಳ ತುಂಬು ಸಂಸಾರವಾಗಿತ್ತು. 1914ರ ಏಪ್ರಿಲ್ 3ರಂದು ಅವರು ಇದನ್ನು ಮಂಡಿಸಿದರು, ‘ಆಕ್ಟಿವೇಟೆಡ್ ಸ್ಲಡ್ಜ್’, ಅಂದರೆ ಚುರುಕುಗೊಂಡ ಕೆಸರು, ಎಂದು ಹೆಸರಿಟ್ಟರು.

ದೊಡ್ಡ ನಗರಗಳಿಗೆ ಇದು ವರವಾಯಿತು. ಸಣ್ಣ ಊರಿಗೆ ಮಾತ್ರ ಸಾಲು ತೊಟ್ಟಿಗಳು, ಕೆಸರು ಕೊಳೆಸುವ ಮುಚ್ಚುಗುಂಡಿಗಳು, ಹಗಲಿರುಳು ನೋಡಿಕೊಳ್ಳುವ ನುರಿತ ಕೈಗಳು ಭಾರವೇ. ನೆದರ್ಲೆಂಡ್ಸಿನ ಎಂಜಿನಿಯರ್ ಪಾಸ್ವೇರ್ 1954ರಲ್ಲಿ ವೋರ್ಸ್‌ಖೋಟೆನ್ ಎಂಬಲ್ಲಿ ಇದನ್ನೆಲ್ಲ ಒಂದೇ ಕಾಲುವೆಗಿಳಿಸಿದರು. ಓಟದ ಮೈದಾನದಂತೆ ಸುತ್ತಿ ಬರುವ ಕಾಲುವೆ, ನೀರನ್ನು ಬಡಿದು ಗಾಳಿ ಬೆರೆಸುತ್ತ ಮುಂದೆ ತಳ್ಳುವ ಒಂದು ತಿರುಗುವ ಕುಂಚ, ಅಷ್ಟೇ. ಕುಂಚ ನಿಲ್ಲಿಸಿದರೆ ಕೆಸರು ತಂಗುತ್ತದೆ, ಮೇಲಿನ ತಿಳಿ ಹೊರಹೋಗುತ್ತದೆ. ಕೆಸರು ದಿನಗಟ್ಟಲೆ ಒಳಗೇ ಸುತ್ತುವುದರಿಂದ ತನ್ನನ್ನೇ ತಿಂದು ತಣ್ಣಗಾಗುತ್ತದೆ. ಹೊರತೆಗೆದು ಒಣಗಿಸಿದರೂ ಅಷ್ಟಾಗಿ ನಾರದು. ವಿದ್ಯುತ್ ಹೆಚ್ಚು ಬೇಕು, ನಿಜ. ಆದರೂ ನೂರಾರು ಜನರ ಊರೂ ತನ್ನ ಕೊಳಚೆಯನ್ನು ತಾನೇ ತೊಳೆಯಬಹುದೆಂದು ಮೊದಲು ನಂಬಿಸಿದ ವಿನ್ಯಾಸಗಳಲ್ಲಿ ಇದೂ ಒಂದು. ಅದಕ್ಕಾಗಿಯೇ ನನಗಿದು ಅಚ್ಚುಮೆಚ್ಚು.

ಇಂದಿಗೂ ಇಂಥ ಘಟಕದ ಕೆಲಸಗಾರ ತೊಟ್ಟಿಯಿಂದ ಒಂದು ಲೀಟರ್ ಕಂದು ನೀರನ್ನು ಗಾಜಿನ ಜಾಡಿಗೆ ತುಂಬಿ ಅರ್ಧ ಗಂಟೆ ಕಾಯುತ್ತಾನೆ. ಕೆಸರು ಎಲ್ಲಿಯವರೆಗೆ ಇಳಿಯಿತೆಂಬ ಗೆರೆ ನೋಡಿ, ಎಷ್ಟನ್ನು ಹೆಪ್ಪಿಗೆ ಹಿಂದಿರುಗಿಸಬೇಕು, ಎಷ್ಟನ್ನು ಹೊರತೆಗೆದು ಒಣಗಲು ಬಿಡಬೇಕು ಎಂದು ತೀರ್ಮಾನಿಸುತ್ತಾನೆ.