ತೆರಿಗೆ ಇಲ್ಲದ ಬಡ್ಡಿ: ಅಮೆರಿಕದ ಶ್ರೀಮಂತರು ಊರುಗಳ ಬಾಂಡ್ ಹಿಡಿದ ಕಥೆ

ವಿಲಿಯಂ ರಾಕ್‌ಫೆಲರ್ 1922ರಲ್ಲಿ ತೀರಿಕೊಂಡರು. ಅಣ್ಣ ಜಾನ್ ಜೊತೆ ಸೇರಿ ಸ್ಟ್ಯಾಂಡರ್ಡ್ ಆಯಿಲ್ ಕಟ್ಟಿದವರು. ಅವರ ಆಸ್ತಿಯಲ್ಲಿ ಎಣ್ಣೆ ಕಂಪನಿಯ ಷೇರೇ ಜಾಸ್ತಿ ಇರಬೇಕು, ಅಲ್ವಾ? ಲೆಕ್ಕ ತೆಗೆದರೆ 4 ಕೋಟಿ ಡಾಲರ್‌ಗೂ ಹೆಚ್ಚು ಹಣ ತೆರಿಗೆ ಇಲ್ಲದ ಬಾಂಡ್‌ಗಳಲ್ಲಿ, ಅಂದರೆ ಸರ್ಕಾರ, ನಗರಗಳು ಸಾಲ ಎತ್ತಲು ಕೊಡುವ ಬಡ್ಡಿಯ ಪತ್ರಗಳಲ್ಲಿ, ಕೂತಿತ್ತು. ಎಣ್ಣೆ ಷೇರು ಅದರ ಮುಂದೆ ಏನೂ ಅಲ್ಲ. ತೆರಿಗೆ ದರ ಜಾಸ್ತಿಯಾದರೆ ಶ್ರೀಮಂತರ ಹಣ ಇಂಥ ಬಾಂಡ್‌ಗಳಿಗೆ ಓಡುತ್ತದೆ ಎಂಬ ತಮ್ಮ ವಾದಕ್ಕೆ ಆಗಿನ ಖಜಾನೆ ಮಂತ್ರಿ ಆಂಡ್ರ್ಯೂ ಮೆಲನ್ ಇದನ್ನೇ ಉದಾಹರಣೆಯಾಗಿ ಕೊಟ್ಟರು. ಮೆಲನ್ ಅವರೂ ದೇಶದ ದೊಡ್ಡ ಸಾಹುಕಾರರಲ್ಲಿ ಒಬ್ಬರು, ಅದು ಬೇರೆ ಮಾತು.

ಇದರಲ್ಲಿ ಕಳ್ಳದಾರಿ ಏನೂ ಇರಲಿಲ್ಲ. ರಾಜ್ಯ, ನಗರಗಳ ಬಾಂಡ್‌ನ ಬಡ್ಡಿಗೆ ಕೇಂದ್ರ ತೆರಿಗೆ ಹಾಕುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟ್ 1895ರಲ್ಲೇ ಪೊಲಾಕ್ ಮೊಕದ್ದಮೆಯಲ್ಲಿ ಹೇಳಿತ್ತು. 1913ರಲ್ಲಿ ಆದಾಯ ತೆರಿಗೆ ಬಂದಾಗಲೂ ಕಾನೂನು ಈ ಬಡ್ಡಿಯನ್ನು ಹೊರಗಿಟ್ಟಿತು. ಆಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅತಿ ಹೆಚ್ಚು ಆದಾಯಕ್ಕೆ ಬೀಳುವ ತುದಿಯ ದರವೇ 7% ಇತ್ತು, ಉಳಿಸುವುದಕ್ಕೆ ಏನಿತ್ತು?

ಲೆಕ್ಕ ಬದಲಾಗಿದ್ದು ಮೊದಲ ಮಹಾಯುದ್ಧದಲ್ಲಿ. 1918ರಲ್ಲಿ ತುದಿಯ ದರ 77%ಕ್ಕೆ ಏರಿತು. ಯುದ್ಧ ಮುಗಿದ ಮೇಲೂ 73% ಇತ್ತು. ಕಾರ್ಖಾನೆಗೆ 100 ಡಾಲರ್ ಹಾಕಿ 10 ಡಾಲರ್ ಲಾಭ ಬಂತು ಅಂತಿಟ್ಟುಕೊಳ್ಳಿ. 73% ದರದಲ್ಲಿ ಕೈಗೆ ಬರುವುದು 2.70. ನಗರದ ಬಾಂಡ್ 4.5% ಕೊಟ್ಟರೆ 4.50 ಪೂರ್ತಿ ನಿಮ್ಮದು. ನಷ್ಟದ ಭಯವೂ ಕಡಿಮೆ. ಸುಮ್ನೆ ಕಾರ್ಖಾನೆ ತಲೆನೋವು ಯಾಕೆ?

ಈ ವಿನಾಯಿತಿ ತೆಗೆಯಲು ಸಂವಿಧಾನ ತಿದ್ದುಪಡಿಯ ಪ್ರಸ್ತಾಪ ಬಂತು. 1923ರಲ್ಲಿ ಕೆಳಮನೆ ಒಪ್ಪಿದರೂ ಸೆನೆಟ್ ದಾಟಲಿಲ್ಲ. ಅಡ್ಡ ನಿಂತವರು ಶ್ರೀಮಂತರು ಅಂದುಕೊಂಡರೆ ತಪ್ಪು. ಜೋರಾಗಿ ವಿರೋಧಿಸಿದ್ದು ರಾಜ್ಯಗಳು, ನಗರಗಳು. ಬಡ್ಡಿಗೆ ತೆರಿಗೆ ಬಿದ್ದರೆ ಶಾಲೆ, ರಸ್ತೆ, ನೀರಿನ ಪೈಪಿಗೆ ಸಾಲ ದುಬಾರಿ ಆಗುತ್ತದೆ ಎಂಬುದು ಅವರ ಅಳಲು. ಮುಂದೆ ರೂಸ್‌ವೆಲ್ಟ್ ಕಾಲದಲ್ಲೂ ಇದೇ ನಡೆಯಿತು. ಕೇಂದ್ರ ಸರ್ಕಾರ 1941ರಿಂದ ತನ್ನ ಹೊಸ ಬಾಂಡ್‌ಗಳ ಬಡ್ಡಿಗೆ ತೆರಿಗೆ ಹಾಕಿತು, ನಗರಗಳ ಬಾಂಡ್ ಮುಟ್ಟಲಾಗಲಿಲ್ಲ. ನನ್ನ ಪ್ರಕಾರ ಈ ಇತಿಹಾಸದ ಕೀಲಿ ಇಲ್ಲೇ ಇದೆ. ಲಾಭ ಶ್ರೀಮಂತರದ್ದು, ಕಾವಲು ಮೇಯರ್‌ಗಳದ್ದು.

ಹಾಗಾದರೆ ಕೇಂದ್ರ ಬಿಟ್ಟುಕೊಟ್ಟ ತೆರಿಗೆ ಪೂರ್ತಿ ನಗರಗಳಿಗೇ ಸಿಗುತ್ತದೆಯೇ? ಇಲ್ಲ. ತೆರಿಗೆ ಬೀಳುವ ಸಾಮಾನ್ಯ ಬಾಂಡ್ 5%, ನಗರದ ಬಾಂಡ್ 3.5% ಕೊಡುತ್ತಿದೆ ಎನ್ನಿ. 37% ಸ್ಲ್ಯಾಬ್‌ನವರಿಗೆ 5%ರಲ್ಲಿ ಉಳಿಯುವುದು 3.15. ಅಂದರೆ 3.15ಕ್ಕಿಂತ ಚೂರು ಜಾಸ್ತಿ ಕೊಟ್ಟರೂ ಅವರು ನಗರದ ಬಾಂಡ್ ಕೊಳ್ಳುತ್ತಿದ್ದರು. ಆದರೆ ಈ ಮಾರುಕಟ್ಟೆ ಸುಮಾರು 4 ಲಕ್ಷ ಕೋಟಿ ಡಾಲರಿನದು, ಅವರ ಹಣವೊಂದೇ ಸಾಲುವುದಿಲ್ಲ. ಕೆಳಗಿನ ಸ್ಲ್ಯಾಬ್‌ನವರನ್ನೂ ಸೆಳೆಯಲು ಬಡ್ಡಿ ಏರಿಸಬೇಕು. ಏರಿಸಿದ್ದು ತುದಿಯವರಿಗೂ ಸಿಗುತ್ತದೆ. ಕೇಂದ್ರ ಬಿಟ್ಟುಕೊಟ್ಟ ತೆರಿಗೆಯಲ್ಲಿ ಒಂದು ಪಾಲು ಸೋರುವುದು ಹೀಗೆ. 22% ಸ್ಲ್ಯಾಬ್‌ನ ಮೇಷ್ಟ್ರಿಗೆ ಮಾತ್ರ ಸಾಮಾನ್ಯ ಬಾಂಡೇ ವಾಸಿ, ಅವರಿಗೆ 3.90 ಉಳಿಯುತ್ತದೆ.

1969ರಲ್ಲಿ ದೊಡ್ಡ ಗದ್ದಲವಾಯಿತು. ಹಿಂದಿನ ಒಂದು ವರ್ಷ 2 ಲಕ್ಷ ಡಾಲರ್‌ಗಿಂತ ಜಾಸ್ತಿ ಆದಾಯವಿದ್ದ 155 ಜನ ಒಂದು ಡಾಲರ್ ಆದಾಯ ತೆರಿಗೆಯನ್ನೂ ಕಟ್ಟಿಲ್ಲ ಎಂದು ಖಜಾನೆ ಮಂತ್ರಿ ಜೋಸೆಫ್ ಬಾರ್ ಸಂಸತ್ತಿಗೆ ತಿಳಿಸಿದರು. ಜನ ಕೆರಳಿದರು, ರಿಯಾಯಿತಿ ಎಷ್ಟೇ ಇದ್ದರೂ ಶ್ರೀಮಂತರು ಸ್ವಲ್ಪವಾದರೂ ಕಟ್ಟಲಿ ಎಂಬ ಕನಿಷ್ಠ ತೆರಿಗೆ ಜಾರಿಗೆ ಬಂತು. ತಮಾಷೆ ಏನೆಂದರೆ, ಬರೀ ನಗರದ ಬಾಂಡ್ ಬಡ್ಡಿಯಲ್ಲೇ ಬದುಕುತ್ತಿದ್ದವರು ಆ 155ರಲ್ಲಿ ಲೆಕ್ಕಕ್ಕೇ ಇರಲಿಲ್ಲ. ಆ ಬಡ್ಡಿಯನ್ನು ರಿಟರ್ನ್‌ನಲ್ಲಿ ತೋರಿಸುವ ಅಗತ್ಯವೇ ಇರಲಿಲ್ಲ! ತೋರಿಸಲೇಬೇಕು ಎಂಬ ನಿಯಮ ಬಂದಿದ್ದು 1987ರ ಲೆಕ್ಕದಿಂದ.

ಅದಕ್ಕೂ ಮುಂಚೆ ಬ್ಯಾಂಕುಗಳೂ ದೊಡ್ಡ ಗಿರಾಕಿಗಳು. ಬಡ್ಡಿ ಕೊಟ್ಟು ಹಣ ತಂದು ಈ ಬಾಂಡ್ ಕೊಂಡು, ಕೊಟ್ಟ ಬಡ್ಡಿಯನ್ನು ಖರ್ಚಿಗೆ ಬರೆಯುತ್ತಿದ್ದವು. 1986ರ ಕಾನೂನು ಆ ಸವಲತ್ತನ್ನು ಬಹುಮಟ್ಟಿಗೆ ಕಿತ್ತಿತು. ಬ್ಯಾಂಕುಗಳು ಸರಿದವು, ಮನೆತನಗಳು ಮತ್ತು ಮ್ಯೂಚುವಲ್ ಫಂಡ್‌ಗಳು ಮುಂದೆ ಬಂದವು. ಮನೆತನಗಳಲ್ಲೂ ಹಿಡಿತ ಬಿಗಿಯಾಗುತ್ತ ಹೋಯಿತು. ಕುಟುಂಬಗಳ ಕೈಲಿರುವ ಇಂಥ ಬಾಂಡ್‌ಗಳಲ್ಲಿ ಅತಿ ಶ್ರೀಮಂತ 0.5% ಕುಟುಂಬಗಳ ಪಾಲು 1989ರಲ್ಲಿ 24% ಇದ್ದದ್ದು 2013ಕ್ಕೆ 42% ಆಯಿತು.

ನಮ್ಮಲ್ಲಿ ಕಥೆ ಬೇರೆ. ದೇಶದಲ್ಲೇ ಮೊದಲು ಪಾಲಿಕೆ ಬಾಂಡ್ ತಂದದ್ದು ಬೆಂಗಳೂರು. 1997ರಲ್ಲಿ ರಾಜ್ಯ ಸರ್ಕಾರದ ಗ್ಯಾರಂಟಿಯ ಮೇಲೆ 125 ಕೋಟಿ ರೂಪಾಯಿ ಎತ್ತಿತು. ಆದರೆ ಭಾರತದಲ್ಲಿ ಇವನ್ನು ಹೆಚ್ಚಾಗಿ ಕೊಳ್ಳುವುದು ಸಂಸ್ಥೆಗಳು. ಶ್ರೀಮಂತ ಮನೆಗಳಿಗೆ ಇದರ ರುಚಿ ಇನ್ನೂ ಹತ್ತಿಲ್ಲ.

ಅಮೆರಿಕದಲ್ಲಿ 1988ರಲ್ಲಿ ಸುಪ್ರೀಂ ಕೋರ್ಟ್ ತನ್ನ ಹಳೇ ತೀರ್ಪನ್ನೇ ತಿರುವಿ ಹಾಕಿತು. ಈ ಬಡ್ಡಿಗೆ ತೆರಿಗೆ ಹಾಕಲು ಸಂವಿಧಾನ ಅಡ್ಡ ಬರುವುದಿಲ್ಲ ಎಂದಿತು. ಅಲ್ಲಿಂದ ಇದು ಅಮೆರಿಕದ ಸಂಸತ್ತು ಮನಸ್ಸು ಮಾಡಿದರೆ ತೆಗೆಯಬಹುದಾದ ರಿಯಾಯಿತಿ ಅಷ್ಟೇ. ಒಬಾಮಾ ಮಿತಿ ಹಾಕಲು ನೋಡಿದರು, ಆಗಲಿಲ್ಲ. 2025ರ ತೆರಿಗೆ ಕಾನೂನಿನ ಚರ್ಚೆಯಲ್ಲೂ ಇದಕ್ಕೆ ಕತ್ತರಿ ಬೀಳುವ ಮಾತಿತ್ತು. ಮೇಯರ್‌ಗಳು ಮತ್ತೆ ಬೇಡವೆಂದರು, ವಿನಾಯಿತಿ ಉಳಿಯಿತು.