ಖಾತ್: ಕೊಯ್ದ ಎರಡು ದಿನಕ್ಕೆ ಕಸುವು ಕಳೆದುಕೊಳ್ಳುವ ಎಲೆ

ಇಥಿಯೋಪಿಯಾ, ಕೀನ್ಯಾಗಳ ಎತ್ತರದ ಸೀಮೆಗಳಲ್ಲಿ ಮತ್ತು ಕೆಂಪು ಸಮುದ್ರದಾಚೆಯ ಯೆಮೆನ್‌ನ ಬೆಟ್ಟಗಳಲ್ಲಿ ಬೆಳೆಯುವ ನಿತ್ಯಹಸಿರು ಗಿಡ ಖಾತ್. ಇದರ ಎಳೆಯ ಎಲೆ, ಚಿಗುರುಗಳನ್ನು ಹಸಿಯಾಗಿಯೇ ಜಗಿದು ರಸ ನುಂಗುತ್ತಾರೆ. ನಿದ್ದೆ, ಹಸಿವು, ದಣಿವು ದೂರ ಸರಿದು ಮಾತಿಗೆ ಹುರುಪು ಬರುತ್ತದೆ. ಇಥಿಯೋಪಿಯಾದವರು ಇದನ್ನು ಚಾಟ್ ಎನ್ನುತ್ತಾರೆ, ಕೀನ್ಯಾದವರು ಮಿರಾ ಎನ್ನುತ್ತಾರೆ. ನಮ್ಮ ಎಲೆಯಡಿಕೆಯ ಕಾಚಿಗೂ ಇದಕ್ಕೂ ನಂಟಿಲ್ಲ. ಕಾಚು ಬರುವುದು ಕಗ್ಗಲಿ ಮರದ ತಿರುಳಿನಿಂದ.

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಕ್ಯಾಥಾ ಎಡುಲಿಸ್. ಹೆಸರಿಟ್ಟವನು ಪೀಟರ್ ಫೋರ್ಸ್ಕಾಲ್. ಡೆನ್ಮಾರ್ಕ್ ದೊರೆ ಅರೇಬಿಯಾಕ್ಕೆ ಕಳುಹಿಸಿದ ತಂಡದಲ್ಲಿದ್ದ ಈತ 1763ರಲ್ಲಿ ಯೆಮೆನ್‌ನಲ್ಲೇ ಮಲೇರಿಯಾದಿಂದ ತೀರಿಕೊಂಡ. ತಂಡದಲ್ಲಿ ಬದುಕುಳಿದ ಒಬ್ಬನೇ ಒಬ್ಬ ಕಾರ್ಸ್ಟನ್ ನೀಬೂರ್, ಗೆಳೆಯನ ಟಿಪ್ಪಣಿಗಳನ್ನು 1775ರಲ್ಲಿ ಅಚ್ಚು ಹಾಕಿಸಿದ. ನಮ್ಮ ಕಾಡುಗಳ ಜ್ಯೋತಿಷ್ಮತಿ ಬಳ್ಳಿಯೂ ಖಾತ್‌ನ ಕುಟುಂಬಕ್ಕೇ ಸೇರಿದ್ದು.

ಸಮುದ್ರಮಟ್ಟದಿಂದ ಸುಮಾರು 1500ರಿಂದ 2500 ಮೀಟರ್ ಎತ್ತರ ಈ ಗಿಡಕ್ಕೆ ಚೆನ್ನಾಗಿ ಒಗ್ಗುತ್ತದೆ. ತನ್ನ ಪಾಡಿಗೆ ಬಿಟ್ಟರೆ ಮರವೇ ಆಗುತ್ತದೆ. ಬೆಳೆಗಾರರು ಸವರಿ ಸವರಿ ಕೈಗೆಟಕುವ ಎತ್ತರದಲ್ಲಿ ಇಟ್ಟುಕೊಳ್ಳುತ್ತಾರೆ. ಎಲೆ ದಪ್ಪ, ಹೊಳಪಿನದು, ಅಂಚು ಗರಗಸದ ಹಲ್ಲಿನಂತೆ. ಚಿಗುರಿಗೆ ಕೆಂಪು ಛಾಯೆ. ಬರವನ್ನು ತಡೆದುಕೊಳ್ಳುತ್ತದೆ, ಆದರೆ ನೀರು ಕೊಟ್ಟರೆ ಮತ್ತೆ ಮತ್ತೆ ಚಿಗುರುತ್ತದೆ. ರೈತನ ಕೈಗೆ ವರ್ಷದುದ್ದಕ್ಕೂ ಹಣ ಬರುವುದು ಈ ಗುಣದಿಂದಲೇ.

ಈ ಎಲೆಯ ಇಡೀ ವ್ಯವಹಾರ ನಿಂತಿರುವುದು ಕ್ಯಾಥಿನೋನ್ ಎಂಬ ರಾಸಾಯನಿಕದ ಮೇಲೆ. ರಚನೆಯಲ್ಲೂ ಪರಿಣಾಮದಲ್ಲೂ ಇದು ಆಂಫೆಟಮೈನ್ ಎಂಬ ಉತ್ತೇಜಕ ಮಾದಕವಸ್ತುವಿಗೆ ಹತ್ತಿರದ್ದು, ತೀವ್ರತೆ ಮಾತ್ರ ಕಡಿಮೆ. ವಿಶ್ವಸಂಸ್ಥೆಯ ಪ್ರಯೋಗಾಲಯ ಇದನ್ನು ಗುರುತಿಸಿದ್ದು 1975ರಲ್ಲಿ. ಅಲ್ಲಿಯವರೆಗೂ ಕ್ಯಾಥಿನ್ ಎಂಬ ಇನ್ನೊಂದು ಸೌಮ್ಯ ವಸ್ತುವೇ ಈ ಎಲೆಯ ಸಾರವೆಂದು ತಿಳಿಯಲಾಗಿತ್ತು. ವಿಜ್ಞಾನಿಗಳ ಕಣ್ಣಿಗೆ ಕ್ಯಾಥಿನೋನ್ ಅಷ್ಟು ತಡವಾಗಿ ಬಿದ್ದುದಕ್ಕೆ ಕಾರಣವಿದೆ: ಕೊಯ್ದ ಎಲೆ ಬಾಡುತ್ತಿದ್ದಂತೆ ಕ್ಯಾಥಿನೋನ್ ಒಡೆದು ಕ್ಯಾಥಿನ್ ಆಗಿಬಿಡುತ್ತದೆ. ಸುಮಾರು ಎರಡು ದಿನಗಳಲ್ಲಿ ಎಲೆಯ ಕಸುವೆಲ್ಲ ಮುಗಿದಂತೆಯೇ. ದೂರದ ಪ್ರಯೋಗಾಲಯಗಳಿಗೆ ತಲುಪುತ್ತಿದ್ದುದು ಒಣಗಿದ ಎಲೆ.

ಹಾಗಾಗಿ ಖಾತ್ ವ್ಯಾಪಾರವೆಂದರೆ ಗಡಿಯಾರದ ಜೊತೆಗಿನ ಓಟ. ಕೀನ್ಯಾದ ಮೇರು ಸೀಮೆಯಲ್ಲಿ ಕೊಯ್ದ ಕಡ್ಡಿಗಳನ್ನು ಕಟ್ಟು ಕಟ್ಟಿ, ತೇವ ಆರದಂತೆ ಬಾಳೆ ಎಲೆಯಲ್ಲಿ ಸುತ್ತಿ, ಪಿಕಪ್ ಗಾಡಿಗಳಲ್ಲಿ ನೈರೋಬಿಗೆ ಓಡಿಸುತ್ತಾರೆ. ಅಲ್ಲಿಂದ ವಿಮಾನದಲ್ಲಿ ಸೊಮಾಲಿಯಾಕ್ಕೆ. ಇಥಿಯೋಪಿಯಾದ ಹರಾರ್ ಬಳಿಯ ಅವಡಾಯ್ ಪಟ್ಟಣದ ಜೀವನವೇ ಈ ಎಲೆಯ ಸಂತೆ. ರಸ್ತೆ, ವಿಮಾನ ಬರುವ ಮುನ್ನ ಖಾತ್ ಬೆಳೆಯುವ ನಾಡಿನ ಗಡಿ ದಾಟಿ ಹೆಚ್ಚು ದೂರ ಹೋಗಿರಲಿಲ್ಲ. ಚಹಾ, ಕಾಫಿಗಳಂತೆ ಲೋಕವನ್ನೆಲ್ಲ ಸುತ್ತಲು ಇದಕ್ಕೆ ಆಗದೇ ಹೋದದ್ದು ಇದೇ ಕಾರಣಕ್ಕೆ ಎಂದು ನನ್ನ ಎಣಿಕೆ.

ಯೆಮೆನ್‌ನಲ್ಲಿ ಖಾತ್ ಮಧ್ಯಾಹ್ನದ ಊಟದ ನಂತರದ ಕೂಟ. ಗೋಡೆಯುದ್ದಕ್ಕೂ ಹಾಸಿದ ದಿಂಬುಗಳಿಗೆ ಒರಗಿ, ಕಟ್ಟಿನಿಂದ ಎಳೆಯ ಎಲೆಗಳನ್ನಷ್ಟೇ ಚಿವುಟಿ ಒಂದು ಕೆನ್ನೆಯಲ್ಲಿ ಸೇರಿಸುತ್ತಾ ಹೋಗುತ್ತಾರೆ. ಉಂಡೆ ದೊಡ್ಡದಾಗುತ್ತಾ ಕೆನ್ನೆ ಉಬ್ಬುತ್ತದೆ. ಬಾಯಿ ಒಣಗುವುದರಿಂದ ನಡುನಡುವೆ ನೀರು. ಮೊದಲೆರಡು ಗಂಟೆ ರಾಜಕೀಯ, ಜಗಳ, ಕವಿತೆ, ಸಂಬಂಧ ಕುದುರಿಸುವ ಮಾತು, ಎಲ್ಲವೂ ಇರುತ್ತದೆ. ಸಂಜೆಯಾಗುತ್ತಿದ್ದಂತೆ ಎಲ್ಲರೂ ಮೌನಕ್ಕೆ ಜಾರುತ್ತಾರೆ. ಆ ಹೊತ್ತಿಗೆ ಅಲ್ಲಿ ಸುಲೈಮಾನನ ಗಳಿಗೆ ಎಂಬ ಹೆಸರೇ ಇದೆ.

ಆ ಮೌನದ ಬೆನ್ನಿಗೆ ನಿದ್ದೆಗೇಡು, ಮಂಕು, ಕಿರಿಕಿರಿ ಬರುತ್ತವೆ. ರಕ್ತದೊತ್ತಡ, ಹೃದಯಬಡಿತ ಏರುತ್ತವೆ, ಮಲಬದ್ಧತೆ ಕಾಡುತ್ತದೆ. ದೀರ್ಘಕಾಲ ಅತಿಯಾಗಿ ಜಗಿದವರಲ್ಲಿ ಹೃದ್ರೋಗ, ಮನೋವಿಕಾರದ ಅಪಾಯವೂ ಇದೆ. ದಿನಗೂಲಿಯ ದೊಡ್ಡ ಪಾಲು ಕೆನ್ನೆಯೊಳಗೆ ಹೋಗುವ ಮನೆಗಳ ಕಷ್ಟ ಬೇರೆಯೇ. ಇನ್ನು ಯೆಮೆನ್‌ನಂಥ ನೀರಿಲ್ಲದ ದೇಶದಲ್ಲಿ ಕೃಷಿಯ ನೀರಿನ ದೊಡ್ಡ ಪಾಲನ್ನು ಈ ಒಂದು ಬೆಳೆ ಹೀರುತ್ತಿದೆ; ರಾಜಧಾನಿ ಸನಾ ಸುತ್ತಲಿನ ಅಂತರ್ಜಲ ಪಾತಾಳ ಕಂಡಿದೆ. ಬಾಬಾ ಬುಡನ್ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರೆಂದು ನಾವು ನಂಬುವ ಕಾಫಿ ಬಂದದ್ದು ಇದೇ ಯೆಮೆನ್‌ನಿಂದ. ಅಲ್ಲಿನ ಎಷ್ಟೋ ಮೆಟ್ಟಿಲು ಹೊಲಗಳಲ್ಲಿ ಇಂದು ಕಾಫಿ ಕಿತ್ತು ಖಾತ್ ಹಾಕಿದ್ದಾರೆ. ಸಂಕಟದ ಸಂಗತಿ ಇದು, ಆದರೆ ಬೇಗ ಹಣ ಕೊಡುವ ಬೆಳೆಯತ್ತ ಹೊರಳಿದ ರೈತನನ್ನು ದೂರಲು ನನಗೆ ಮನಸ್ಸಾಗದು.

ಕಾನೂನಿನಲ್ಲಿ ಖಾತ್‌ನ ಸ್ಥಾನ ವಿಚಿತ್ರ. ಅಂತಾರಾಷ್ಟ್ರೀಯ ಒಪ್ಪಂದದಡಿ ಕ್ಯಾಥಿನೋನ್ ಅತ್ಯಂತ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ, ಗಿಡ ಯಾವ ಪಟ್ಟಿಯಲ್ಲೂ ಇಲ್ಲ. ಯೆಮೆನ್, ಇಥಿಯೋಪಿಯಾ, ಕೀನ್ಯಾಗಳಲ್ಲಿ ರಾಜಾರೋಷವಾಗಿ ಮಾರುವ ಈ ಎಲೆಯನ್ನು ಬ್ರಿಟನ್ 2014ರಲ್ಲಿ ನಿಷೇಧಿಸಿತು. ಭಾರತದಲ್ಲಿ 1985ರ ಮಾದಕವಸ್ತು ಕಾಯ್ದೆಯ ಪಟ್ಟಿಯಲ್ಲಿ ಕ್ಯಾಥಿನೋನ್ ಇದೆ. ಚಹಾ ಪುಡಿಯಂತೆ ಕಾಣುವ ಒಣ ಖಾತ್‌ನ ಪಾರ್ಸೆಲ್‌ಗಳು ಇಲ್ಲೂ ಸಿಕ್ಕಿಬಿದ್ದಿವೆ. ಪತ್ರಿಕೆಗಳ ಅಪರಾಧ ಸುದ್ದಿಯಲ್ಲಿ ಬರುವ ಮೆಫೆಡ್ರೋನ್ ಕೂಡ ಕ್ಯಾಥಿನೋನ್ ಬಳಗದ್ದೇ. ಆದರೆ ಅದು ಕಾರ್ಖಾನೆಯಲ್ಲಿ ತಯಾರಾಗುವ ಪುಡಿ. ತಿಂಗಳುಗಟ್ಟಲೆ ಇಟ್ಟರೂ ಬಾಡುವುದಿಲ್ಲ, ಹಸಿ ಎಲೆಗಿಂತ ಬಹಳ ಹೆಚ್ಚು ಅಪಾಯಕಾರಿ.